ಉಪಗ್ರಹ ಕಾಯುವ ಹಾಸನ

ರಾಕೆಟ್ ಹಾರುವ ದಿನ ಎಲ್ಲರ ಕಣ್ಣೂ ಶ್ರೀಹರಿಕೋಟಾದ ಮೇಲೆ. ಉಪಗ್ರಹ ಬೇರ್ಪಟ್ಟ ಸುದ್ದಿ ಬಂತೆಂದರೆ ಚಪ್ಪಾಳೆ, ಅಲ್ಲಿಗೆ ನೇರಪ್ರಸಾರವೂ ಮುಗಿಯಿತು. ಸಂಪರ್ಕ ಉಪಗ್ರಹವಾದರೆ ಹಾಸನದ ಕೆಲಸ ಶುರುವಾಗುವುದೇ ಆಮೇಲೆ.

ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಡಿಶ್ ಆಂಟೆನಾಗಳು ಆಕಾಶಕ್ಕೆ ಮುಖಮಾಡಿ ನಿಂತಿರುವ ಜಾಗವೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಜನರ ಬಾಯಲ್ಲಿ ಅದು ಎಂಸಿಎಫ್. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಶುರುವಾದ ಈ ಕೇಂದ್ರಕ್ಕೆ 2005ರಲ್ಲಿ ಭೋಪಾಲದಲ್ಲೊಂದು ಜೊತೆ ಕೇಂದ್ರ ಬಂತು.

ರಾಕೆಟ್ ಉಪಗ್ರಹವನ್ನು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟುಬಿಡುತ್ತದೆ. ಹಾಸನದಿಂದ ಹೋಗುವ ಆದೇಶದಂತೆ ಉಪಗ್ರಹದೊಳಗಿನ ಎಂಜಿನ್ ಕೆಲವು ಸಲ ಉರಿದು, ಕಕ್ಷೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ದುಂಡಗಾಗುತ್ತದೆ. ಅಲ್ಲಿ ಉಪಗ್ರಹದ ಒಂದು ಸುತ್ತಿಗೂ ಭೂಮಿಯ ಒಂದು ಸುತ್ತಿಗೂ ಹಿಡಿಯುವ ಹೊತ್ತು ಒಂದೇ. ಹಾಗಾಗಿ ಅದು ಸಮಭಾಜಕದ ನೆತ್ತಿಯ ಮೇಲೆ ನಿಂತಂತೆ ಕಾಣುತ್ತದೆ. ನಮ್ಮ ಮನೆಯ ಡಿಶ್ಶನ್ನು ಒಮ್ಮೆ ದಕ್ಷಿಣದ ಕಡೆಗೆ ತಿರುಗಿಸಿ ಬಿಗಿದರೆ ಸಾಕಾಗುವುದು ಇದರಿಂದಲೇ.

ಮೇಲೆ ನಡೆಯುವುದಿಷ್ಟು: ಟಿವಿ ವಾಹಿನಿಯವರು ಕಳಿಸಿದ ಸಂಕೇತ ಉಪಗ್ರಹವನ್ನು ಮುಟ್ಟುವಾಗ ತೀರಾ ಕ್ಷೀಣವಾಗಿರುತ್ತದೆ. ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ಅದನ್ನು ಹಿಗ್ಗಿಸಿ, ತರಂಗಾಂತರ ಬದಲಿಸಿ ಕೆಳಗೆ ಕಳಿಸುತ್ತದೆ. ಸಿ-ಬ್ಯಾಂಡ್‌ನಲ್ಲಿ ಹೋಗುವುದು ಸುಮಾರು 6 ಗಿಗಾಹರ್ಟ್ಸ್‌ನಲ್ಲಿ, ಬರುವುದು 4ರಲ್ಲಿ. ಎರಡೂ ಒಂದೇ ಆದರೆ, ತಾನೇ ಕೂಗುತ್ತಿರುವವನಿಗೆ ಎದುರಿನವರ ಪಿಸುಮಾತು ಕೇಳದಂತಾಗುತ್ತದೆ. ಹೋಗಿ ಬರುವ ದಾರಿ 72,000 ಕಿಲೋಮೀಟರ್. ಬೆಳಕಿನ ವೇಗದಲ್ಲೂ ಕಾಲು ಸೆಕೆಂಡು ಬೇಕು.

ಒಮ್ಮೆ ನಿಲ್ಲಿಸಿದ ಉಪಗ್ರಹ ತಾನಾಗಿ ಅಲ್ಲೇ ನಿಲ್ಲುವುದಿಲ್ಲ. ಸೂರ್ಯ, ಚಂದ್ರರ ಸೆಳೆತ ಅದನ್ನು ಜಾಗ ತಪ್ಪಿಸುತ್ತಲೇ ಇರುತ್ತದೆ. ಎಂಸಿಎಫ್‌ನವರು ಹಗಲುರಾತ್ರಿ ಪಾಳಿಯಲ್ಲಿ ಕಾದು, ಚಿಕ್ಕ ಥ್ರಸ್ಟರ್‌ಗಳನ್ನು ಉರಿಸಿ ಮತ್ತೆ ಜಾಗಕ್ಕೆ ತರುತ್ತಾರೆ. ಇಂಧನ ಮುಗಿಯಿತೆಂದರೆ, ಉಪಕರಣಗಳೆಲ್ಲ ಚೆನ್ನಾಗಿದ್ದರೂ ಉಪಗ್ರಹದ ಆಯಸ್ಸು ಮುಗಿದಂತೆಯೇ. ಕೊನೆಯ ಹನಿಗಳಲ್ಲಿ ಅದನ್ನು ಇನ್ನೂ ಮೇಲಕ್ಕೆ ಸರಿಸಿ, ಮುಂದಿನದಕ್ಕೆ ಜಾಗ ಬಿಡಿಸಬೇಕು.

ಕೈತಪ್ಪಿದ್ದೂ ಇದೆ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ಸೌರಪಟ ಬಿಚ್ಚಿಕೊಳ್ಳದೆ ತೊಂದರೆಗೆ ಸಿಕ್ಕಿ, ಸೆಪ್ಟೆಂಬರ್ ಹೊತ್ತಿಗೆ ಇಂಧನ ತೀರಿ ನಿಷ್ಪ್ರಯೋಜಕವಾಯಿತು. ಮರುವರ್ಷ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ದೇಶದ ಟಿವಿ, ದೂರವಾಣಿ, ಹವಾಮಾನ ಸೇವೆಗಳ ದಿಕ್ಕನ್ನೇ ಬದಲಿಸಿತು. 2018ರಲ್ಲಿ ಜಿಸ್ಯಾಟ್-6ಎ ಎರಡನೇ ಸಲ ಎಂಜಿನ್ ಉರಿಸಿದ ಬಳಿಕ ಮಾತೇ ನಿಲ್ಲಿಸಿತು. ಉಡಾವಣೆಯ ಯಶಸ್ಸನ್ನೇ ಯೋಜನೆಯ ಯಶಸ್ಸೆಂದು ಬರೆಯುವ ನಮ್ಮ ಪತ್ರಿಕೆಗಳು ಹಾಸನದ ಈ ದೀರ್ಘ ದುಡಿಮೆಗೆ ಇನ್ನಷ್ಟು ಜಾಗ ಕೊಡಬೇಕು.

ಕೊನೆಗೆ ಓದುಗರಿಗೊಂದು ಮಾತು. ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ದಿನಗಳಲ್ಲಿ ಹಗಲು ಕೆಲವು ನಿಮಿಷ ಟಿವಿ ಚಿತ್ರ ಒಡೆದರೆ ಡಿಶ್ ಬಿಚ್ಚಿಸಬೇಡಿ. ಉಪಗ್ರಹದ ನೇರ ಹಿಂದೆ ಸೂರ್ಯ ಬಂದು, ಅವನ ರೇಡಿಯೋ ಗದ್ದಲ ಸಂಕೇತವನ್ನು ಮುಳುಗಿಸಿರುತ್ತದೆ. ಅವನು ಸರಿದೊಡನೆ ಚಿತ್ರ ತಾನಾಗಿ ಮರಳುತ್ತದೆ.