ಚಿತ್ರದಲ್ಲಿ ರೋಗಿ ಇದ್ದಾರೆಯೇ?

ಈ ಮಾತುಕತೆ ನೋಡಲು ಕೂರುವ ಮೊದಲು ಒಂದು ಬಿಳಿ ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಫಾರ್ಮಸಿಸ್ಟ್ ಒಬ್ಬರು ಕೆಲಸ ಮಾಡುತ್ತಿರುವ ಚಿತ್ರ ಬರೆಯಿರಿ. ಅಂದವಾಗಿ ಬರಬೇಕಾಗಿಲ್ಲ, ಕಡ್ಡಿಯಂಥ ಕೈಕಾಲು ಸಾಕು. ಆಯಿತೇ? ಈಗ ನೋಡಿ, ಚಿತ್ರದಲ್ಲಿ ರೋಗಿ ಇದ್ದಾರೆಯೇ?

ಇದು ಚಿತ್ರಕಲೆಯ ಪರೀಕ್ಷೆಯಲ್ಲ, ಸಂಶೋಧನೆಯ ಒಂದು ವಿಧಾನ. ಇದರ ಪ್ರಸಿದ್ಧ ಉದಾಹರಣೆ ಡೇವಿಡ್ ವೇಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನ. ಕೆನಡಾ, ಅಮೆರಿಕ, ಆಸ್ಟ್ರೇಲಿಯಗಳ 4,807 ಶಾಲಾ ಮಕ್ಕಳಿಗೆ ವಿಜ್ಞಾನಿಯ ಚಿತ್ರ ಬರೆಯಲು ಹೇಳಲಾಗಿತ್ತು. ವಿಜ್ಞಾನಿಯನ್ನು ಹೆಂಗಸಾಗಿ ತೋರಿಸಿದ ಚಿತ್ರಗಳು 28 ಮಾತ್ರ. ಅಷ್ಟನ್ನೂ ಬರೆದವರು ಹುಡುಗಿಯರು. 'ಹೆಂಗಸರು ವಿಜ್ಞಾನಿಗಳಾಗಬಹುದೇ?' ಎಂದು ನೇರವಾಗಿ ಕೇಳಿದ್ದರೆ ಮಕ್ಕಳು ಮೇಷ್ಟರು ಮೆಚ್ಚುವ ಉತ್ತರವನ್ನೇ ಕೊಡುತ್ತಿದ್ದರೇನೋ!

ಫಾರ್ಮಸಿ ಶಿಕ್ಷಣದಲ್ಲೂ ಇದೇ ತೊಡಕು. ನಮ್ಮಲ್ಲಿ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯು ರೋಗಿಗೆ ತಿಳಿವಳಿಕೆ ಹೇಳುವುದನ್ನೂ ಫಾರ್ಮಸಿಸ್ಟರ ಕೆಲಸವೆಂದು ಗುರುತಿಸಿದೆ. ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಇದನ್ನು ಬರೆದಾರು. ಆದರೆ ಅಂತಿಮ ವರ್ಷದ ವಿದ್ಯಾರ್ಥಿಯ ಚಿತ್ರದಲ್ಲಿ ಕಪಾಟು, ಡಬ್ಬಿ, ಬಿಳಿ ಕೋಟು ಮಾತ್ರ ಇದ್ದರೆ? ನಾಳೆ ಆತನ ಕೌಂಟರಿನಿಂದ ಉಬ್ಬಸದ ರೋಗಿಯೊಬ್ಬರು ಇನ್‌ಹೇಲರ್ ಹಿಡಿದು ಹೊರಡುತ್ತಾರೆ, ಅದನ್ನು ಎಳೆದುಕೊಳ್ಳುವ ಬಗೆ ಯಾರಿಂದಲೂ ಕೇಳದೆ. ಮೊದಲ ವರ್ಷದಲ್ಲಿ ಒಮ್ಮೆ, ಕೊನೆಯ ವರ್ಷದಲ್ಲಿ ಇನ್ನೊಮ್ಮೆ ಚಿತ್ರ ಬರೆಸಿದರೆ ನಡುವಿನ ಪಾಠಗಳು ಎಲ್ಲಿ ಮುಟ್ಟಿವೆ, ಎಲ್ಲಿ ಮುಟ್ಟಿಲ್ಲ ಎಂಬ ಸುಳಿವು ಸಿಗುತ್ತದೆ.

ಸುಳಿವು ಎಂದೆ, ತೀರ್ಪು ಎನ್ನಲಿಲ್ಲ. ಮನುಷ್ಯರನ್ನು ಬರೆಯಲು ಬಾರದವನು ಕಪಾಟು ಬರೆದು ಸುಮ್ಮನಾಗಿರಬಹುದಲ್ಲ! ಆದ್ದರಿಂದ ಚಿತ್ರದ ಕೆಳಗೆ ಅದೇನೆಂದು ಎರಡು ಸಾಲು ಬರೆಸುತ್ತಾರೆ. ಸಾಧ್ಯವಾದರೆ ಕೂರಿಸಿಕೊಂಡು ಮಾತನಾಡಿಸುತ್ತಾರೆ. ಯಾವ ಅಂಶಗಳನ್ನು ಎಣಿಸಬೇಕೆಂದು ಮೊದಲೇ ಪಟ್ಟಿ ಮಾಡಿ, ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುತ್ತಾರೆ. ಒಬ್ಬರೇ ಕೂತು ಅರ್ಥ ಹೇಳಿದರೆ ಅದು ಕಣಿ ಹೇಳಿದಂತಾದೀತು.

ಸೂಚನೆಯ ಮಾತೂ ಮುಖ್ಯ. ನಾನು 'ಔಷಧಿಕಾರ' ಎಂದಿದ್ದರೆ ನಿಮ್ಮ ಚಿತ್ರದಲ್ಲಿ ಗಂಡಸೇ ಬರುತ್ತಿದ್ದ. 'ಔಷಧ ಕೊಡುವವರು' ಎಂದಿದ್ದರೆ ತೆಗೆದುಕೊಳ್ಳುವವರೂ ತಾವಾಗಿ ಬಂದು ನಿಲ್ಲುತ್ತಿದ್ದರು. ಆದಕಾರಣ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡೆ.

ನಿಮ್ಮ ಹಾಳೆಯಲ್ಲಿ ರೋಗಿ ಇಲ್ಲದಿದ್ದರೆ ಈಗ ಸೇರಿಸಬೇಡಿ. ದಿನಾಂಕ ಹಾಕಿ, ಕೆಳಗೆ ಎರಡು ಸಾಲು ಬರೆದು ಎತ್ತಿಡಿ.