ಜೀವಕೋಶದೊಳಗಿನ ಹಗೇವು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಿರಿಯರಿಗೆ ಹಗೇವು ಹೊಸ ಮಾತಲ್ಲ. ನೆಲದಲ್ಲಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಬಿಟ್ಟರೆ ಗಾಳಿಯಾಡದ ಆ ಕತ್ತಲೆಯಲ್ಲಿ ಹುಳು ಬದುಕದು. ಕಾಳು ಕೆಡದೆ ಉಳಿಯುತ್ತದೆ. ಇಂತಹುದೇ ಒಂದು ಉಪಾಯವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಲ್ಲಿಯೂ ಉಂಟು. ಅದನ್ನು ಔಷಧ ತಯಾರಿಕೆಗೆ ಬಳಸಿಕೊಳ್ಳುವ ಪ್ರಯತ್ನವೂ ನಡೆದಿದೆ.

ಮನುಷ್ಯನ ವಂಶವಾಹಿಯನ್ನು ಸೂಕ್ಷ್ಮಜೀವಿಗೆ ಸೇರಿಸಿ, ನಮಗೆ ಬೇಕಾದ ಪ್ರೋಟೀನನ್ನು ಅದರಿಂದಲೇ ಮಾಡಿಸುವ ವಿದ್ಯೆ ಈಗ ನೆಲೆಯೂರಿದೆ. 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಾನವ ಇನ್ಸುಲಿನ್ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಹೊರತಂದ ಇನ್ಸುಲಿನ್ನಿಗೆ ಯೀಸ್ಟ್ ಆಶ್ರಯವಾಯಿತು. ಇಂದು ವಾಡಿಯಲ್ಲೋ ಶಹಾಬಾದಿನಲ್ಲೋ ಮಧುಮೇಹಿಯೊಬ್ಬರು ಚುಚ್ಚಿಸಿಕೊಳ್ಳುವ ಔಷಧದ ಹಿಂದೆ ಇಂತಹ ಜೀವಿಗಳ ದುಡಿಮೆಯಿದೆ.

ಆದರೆ ಎಲ್ಲ ಪ್ರೋಟೀನುಗಳೂ ಹೀಗೆ ಕೈಗೆ ಬರುವುದಿಲ್ಲ. ಕೆಲವನ್ನು ಆ ಕೋಶದ ಕಿಣ್ವಗಳೇ ತುಂಡರಿಸಿಬಿಡುತ್ತವೆ. ಇನ್ನು ಕೆಲವು ಕೋಶಕ್ಕೇ ವಿಷ. ರೋಗಾಣುಗಳನ್ನು ಕೊಲ್ಲುವ ಮದ್ದನ್ನು ಬ್ಯಾಕ್ಟೀರಿಯಾದಿಂದ ಮಾಡಿಸಹೊರಟರೆ ಮೊದಲು ಸಾಯುವುದು ದುಡಿಯುವ ಆಳೇ!

ಇಲ್ಲಿ ನೆರವಿಗೆ ಬರುವುದು ಬ್ಯಾಕ್ಟೀರಿಯಾಗಳ ಹಗೇವು. ಕೆಲವು ಜಾತಿಗಳು ತಮ್ಮೊಳಗೆ ಪ್ರೋಟೀನಿನಿಂದಲೇ ಕೋಣೆಗಳನ್ನು ಕಟ್ಟಿಕೊಳ್ಳುತ್ತವೆ. ಆರು ಮೂಲೆಯ ಬಿಲ್ಲೆಗಳು ಶಹಾಬಾದಿ ಫರಸಿಯಂತೆ ಅಂಚಿಗೆ ಅಂಚು ಕೂಡಿ ಗೋಡೆಯಾಗುತ್ತವೆ. ಐದು ಮೂಲೆಯವು ಕೋಣೆಯ ತುದಿಗಳನ್ನು ಮುಚ್ಚುತ್ತವೆ. ಒಳಸೇರಬೇಕಾದ ಪ್ರೋಟೀನಿನ ಒಂದು ಕೊನೆಯಲ್ಲಿ ಹದಿನೆಂಟರಷ್ಟು ಅಮೈನೋ ಆಮ್ಲಗಳ ಗುರುತುಚೀಟಿ ಇರುತ್ತದೆ. ಅದನ್ನು ನಮ್ಮ ಪ್ರೋಟೀನಿಗೆ ಜೋಡಿಸಿದರೆ ಅದೂ ಒಳಗೆ ಹೋಗುತ್ತದೆ. 2010ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸಿಟ್ರೋಬ್ಯಾಕ್ಟರ್ ಎಂಬ ಜೀವಿಯ ಖಾಲಿ ಕೋಣೆಗಳನ್ನು ಇ. ಕೋಲೈಯಲ್ಲಿ ಕಟ್ಟಿಸಿ, ಹೊಳೆಯುವ ಪ್ರೋಟೀನನ್ನು ಅವುಗಳೊಳಗೆ ಕಳುಹಿಸಿ ತೋರಿಸಿದರು. ಇವಕ್ಕಿಂತ ಸಣ್ಣವೂ ಉಂಟು. ಥರ್ಮೊಟೋಗ ಎಂಬ ಜೀವಿಯಲ್ಲಿ ಒಂದೇ ಬಗೆಯ 60 ತುಣುಕುಗಳು ಕೂಡಿ ಗೋಳವಾಗುತ್ತವೆ; ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸುಮಾರು 24 ಪಾಲಿನಷ್ಟು ಅದರ ಅಗಲ.

ಒಳಗೆ ಸೇರಿದ್ದಕ್ಕೆ ಕಿಣ್ವದ ಕಾಟವಿಲ್ಲ. ಅದರ ವಿಷ ಕೋಶಕ್ಕೂ ತಟ್ಟದು. ಕಷ್ಟವಿರುವುದು ಹೊರತೆಗೆಯುವಲ್ಲಿ. ಹಗೇವಿನ ಬಾಯಿ ತೆರೆದೊಡನೆ ಇಳಿದವರು ಉಸಿರು ಕಟ್ಟಿ ಸತ್ತದ್ದುಂಟು. ಬಲ್ಲವರು ಗಾಳಿಯಾಡಲು ಬಿಟ್ಟು ಇಳಿಯುತ್ತಿದ್ದರು. ಹಾಗೆಯೇ ಈ ಗೋಳವನ್ನು ಒಡೆಯಲು ಬಳಸುವ ತೀವ್ರ ಆಮ್ಲದಿಂದ ಒಳಗಿನ ಪ್ರೋಟೀನೂ ಕೆಡಬಹುದು. ಗೋಡೆ ಕಟ್ಟುವುದಕ್ಕೆ ಕೋಶದ ಆಹಾರವೂ ವೆಚ್ಚವಾಗುತ್ತದೆ. ಬೇಕೆಂದಾಗ ಮೆಲ್ಲಗೆ ತೆರೆದುಕೊಳ್ಳುವ ಗೋಡೆಯನ್ನು ರೂಪಿಸುವುದೇ ಸಂಶೋಧಕರ ಮುಂದಿರುವ ಕೆಲಸ. ಅದು ಕೈಗೂಡಿದರೆ, ಇಂದು ತಯಾರಿಸುವುದೇ ದುಸ್ತರವಾದ ಹಲವು ಮದ್ದುಗಳು ನಮ್ಮ ಊರುಗಳ ಔಷಧದಂಗಡಿಗೂ ಬಂದಾವು.