ಮದುವೆಯಾದರೆ ಮೆಡಿಕೇಡ್ ಕೈತಪ್ಪುತ್ತದೆಯೇ?

ಅಮೆರಿಕದಲ್ಲಿ ಬಡವರ, ಅಂಗವಿಕಲರ ಆಸ್ಪತ್ರೆ ಖರ್ಚು ಹೊರುವ ಸರ್ಕಾರಿ ಯೋಜನೆ ಮೆಡಿಕೇಡ್. ಅರ್ಜಿ ಹಾಕಿದವರು ವಿವಾಹಿತರಾದರೆ ಸಾಮಾನ್ಯವಾಗಿ ಗಂಡ-ಹೆಂಡತಿ ಇಬ್ಬರ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಈ ಲೆಕ್ಕದ ಸುತ್ತ ಹಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಇಬ್ಬರಾದರೆ ಆದಾಯ ಮಿತಿಯೂ ದುಪ್ಪಟ್ಟಾಗುತ್ತದೆ.

ಸತ್ಯ: ಆಗುವುದಿಲ್ಲ. ಯೋಜನೆಯನ್ನು ವಿಸ್ತರಿಸಿಕೊಂಡ ಬಹುತೇಕ ರಾಜ್ಯಗಳಲ್ಲಿ 2025ರಲ್ಲಿ ಒಬ್ಬಂಟಿಯ ವಾರ್ಷಿಕ ಮಿತಿ ಸುಮಾರು 21,600 ಡಾಲರ್, ದಂಪತಿಗೆ ಸುಮಾರು 29,200. ತಲಾ 18,000 ಡಾಲರ್ ದುಡಿಯುವ, ಮಕ್ಕಳಿಲ್ಲದ ಇಬ್ಬರನ್ನು ತೆಗೆದುಕೊಳ್ಳಿ. ಮದುವೆಗೆ ಮುಂಚೆ ಇಬ್ಬರೂ ಅರ್ಹರು. ಮದುವೆಯಾದ ಮೇಲೆ ಒಟ್ಟು 36,000 ಆಗಿ ಇಬ್ಬರೂ ಅನರ್ಹರು. ಸಂಬಳ ಮಾತ್ರ ಒಂದು ಡಾಲರೂ ಏರಿರುವುದಿಲ್ಲ.

ತಪ್ಪು ಕಲ್ಪನೆ: ಒಂದೇ ಮನೆಯಲ್ಲಿದ್ದರೆ ಖರ್ಚು ಕಡಿಮೆ, ಹಾಗಾಗಿ ಕಡಿಮೆ ಮಿತಿಯೇ ನ್ಯಾಯ.

ಸತ್ಯ: ಬಾಡಿಗೆ, ಕರೆಂಟ್ ಬಿಲ್ಲಿಗೆ ಈ ಮಾತು ಒಪ್ಪುತ್ತದೆ, ಕಾಯಿಲೆಗೆ ಒಪ್ಪುವುದಿಲ್ಲ. ಒಬ್ಬರ ಇನ್ಸುಲಿನ್ ಇನ್ನೊಬ್ಬರಿಗೆ ಆಗದು. ಇಬ್ಬರಿಗೂ ಡಯಾಲಿಸಿಸ್ ಬೇಕಿದ್ದರೆ ಎರಡು ಸಲ ಮಾಡಲೇಬೇಕು, ಇಬ್ಬರಿಗೂ ನಡೆಯಲಾಗದಿದ್ದರೆ ಎರಡು ಗಾಲಿಕುರ್ಚಿ ಬೇಕೇ ಬೇಕು.

ತಪ್ಪು ಕಲ್ಪನೆ: ಮದುವೆ ನೋಂದಣಿ ಮಾಡಿಸದೆ ಒಟ್ಟಿಗಿದ್ದರೆ ಯಾವ ತೊಂದರೆಯೂ ಇಲ್ಲ.

ಸತ್ಯ: ಬಡ ಅಂಗವಿಕಲರಿಗೂ ವೃದ್ಧರಿಗೂ ಎಸ್‌ಎಸ್‌ಐ ಎಂಬ ಮಾಸಿಕ ನೆರವಿದೆ. ಹೆಚ್ಚಿನ ರಾಜ್ಯಗಳಲ್ಲಿ ಅದು ಸಿಕ್ಕವರಿಗೆ ಮೆಡಿಕೇಡ್ ಕೂಡ ಸಿಗುತ್ತದೆ. ಒಟ್ಟಿಗೆ ಬಾಳುತ್ತಾ ಊರಿನವರ ಮುಂದೆ ಗಂಡ-ಹೆಂಡತಿ ಎಂದು ಹೇಳಿಕೊಳ್ಳುವವರನ್ನು ಎಸ್‌ಎಸ್‌ಐ ದಂಪತಿಯೆಂದೇ ಎಣಿಸುತ್ತದೆ. ಆಗ ನೆರವೂ ಇಳಿಯುತ್ತದೆ: 2025ರಲ್ಲಿ ಒಬ್ಬರಿಗೆ ಗರಿಷ್ಠ 967 ಡಾಲರ್, ದಂಪತಿಗೆ 1,450. ಅಂದರೆ ಇಬ್ಬರ ಕೈಯಿಂದ ತಿಂಗಳಿಗೆ 484 ಡಾಲರ್ ಖೋತಾ.

ತಪ್ಪು ಕಲ್ಪನೆ: ಬೆಲೆ ಏರಿದಂತೆ ಎಲ್ಲ ಮಿತಿಗಳೂ ಏರುತ್ತವೆ.

ಸತ್ಯ: ನೆರವಿನ ಮೊತ್ತ ಏರುತ್ತದೆ, ಉಳಿತಾಯದ ಮಿತಿ ಏರುವುದಿಲ್ಲ. ವಾಸದ ಮನೆ, ಒಂದು ವಾಹನ ಬಿಟ್ಟು ಎಸ್‌ಎಸ್‌ಐ ಪಡೆಯುವವರು ಇಟ್ಟುಕೊಳ್ಳಬಹುದಾದ ಹಣ ಮತ್ತು ಆಸ್ತಿ ಒಬ್ಬರಿಗೆ 2,000, ದಂಪತಿಗೆ 3,000 ಡಾಲರ್. 1989ರಿಂದ ಇದು ಬದಲಾಗಿಲ್ಲ.

ತಪ್ಪು ಕಲ್ಪನೆ: ಒಬ್ಬರು ಮೆಡಿಕೇಡ್ ಖರ್ಚಿನಲ್ಲಿ ನರ್ಸಿಂಗ್ ಹೋಮ್ ಸೇರಿದರೆ ಮನೆಯಲ್ಲಿರುವ ಸಂಗಾತಿ ಬರಿಗೈಯಾಗಬೇಕು.

ಸತ್ಯ: ಮನೆಯಲ್ಲಿ ಉಳಿದವರಿಗೆ ಉಳಿತಾಯದ ಒಂದು ಪಾಲನ್ನು 1988ರ ಕಾನೂನು ಕಾಯ್ದಿಟ್ಟಿದೆ. ಅವರು ವಾಸವಿರುವ ಮನೆಯೂ ಲೆಕ್ಕಕ್ಕೆ ಬರುವುದಿಲ್ಲ.

ಎಸ್‌ಎಸ್‌ಐನ ಉಳಿತಾಯದ ಮಿತಿಯನ್ನು ಒಬ್ಬರಿಗೆ 10,000, ದಂಪತಿಗೆ 20,000 ಡಾಲರಿಗೆ ಏರಿಸುವ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಗಿತ್ತು. ಇಬ್ಬರಿಗೆ ಎರಡು ಪಟ್ಟು ಎಂಬ ಆ ಲೆಕ್ಕವೇ ಸರಿ. ಆದಾಯದ ಮಿತಿಗೂ ಅದೇ ಅನ್ವಯಿಸಬೇಕು. ಔಷಧಿ ಬೇಕೋ ಮದುವೆ ಬೇಕೋ ಎಂದು ಯಾರನ್ನೂ ಕೇಳುವ ಹಕ್ಕು ಸರ್ಕಾರಕ್ಕಿಲ್ಲ.